ನಾಗಬನದ ಬದಿಯ ಮಣ್ಣು

ನಾನು ಚಿಕ್ಕವಳಿದ್ದಾಗ ಗುಳ್ಳದ ಬೀಜ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ ಮಕ್ಕಳೇ. ಗುಳ್ಳ ಎಂದರೆ ನಮ್ಮ ಕಟಪಾಡಿ ಕಡೆಯ ಉರುಟು ಹಸಿರು ಬದನೆ. ಹಣ್ಣಾದ ಗುಳ್ಳದ ಬೀಜವನ್ನು ಬೂದಿಯಲ್ಲಿ ಕಲಸಿ ಅಡುಗೆಮನೆಯ ಗೋಡೆಗೆ ಮೆತ್ತುವುದು, ಮಳೆ ಕಡಿಮೆಯಾದ ಮೇಲೆ ಕೆರೆದು ಬಿತ್ತುವುದು. ಆ ವರ್ಷ ಅಪ್ಪ ಎಲ್ಲವನ್ನೂ ಬಿತ್ತಿಬಿಟ್ಟಿದ್ದ. ಸಸಿ ಹೋದರೆ ನಮ್ಮ ಮನೆಯ ಗುಳ್ಳವೇ ಹೋದ ಹಾಗೆ.

ಒಂದು ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಸಸಿಗಳು ಬುಡ ಕೊಳೆತು ಅಡ್ಡ ಬಿದ್ದಿದ್ದವು. ಮುಟ್ಟಿದರೆ ಲೋಳೆ, ಹಳಸಿದ ಅನ್ನದ ವಾಸನೆ. ಅಪ್ಪ ಬದುವಿನ ಮೇಲೆ ಕೂತುಬಿಟ್ಟ. ಅವನ ಬದು ಅಂಗಳದ ಹಾಗೆ ಬೋಳು. ಒಂದು ಹುಲ್ಲಿದ್ದರೂ ಅವನಿಗೆ ಆಗುತ್ತಿರಲಿಲ್ಲ. ಗದ್ದೆಯ ಒಂದು ಮೂಲೆ ಮಾತ್ರ ನಾಗಬನಕ್ಕೆ, ನಾಗನ ಕಲ್ಲಿದ್ದ ಕಾಡಿಗೆ, ತಾಗಿತ್ತು. ಬನದ ಗಿಡಕ್ಕೆ ಯಾರೂ ಕತ್ತಿ ಹಾಕುವ ಹಾಗಿಲ್ಲ. ಅಲ್ಲಿಯ ಲಕ್ಕಿ, ಕಾಸರಕ, ಹೆಸರು ಗೊತ್ತಿಲ್ಲದ ಬಳ್ಳಿ, ಎಲ್ಲ ನಮ್ಮ ಗದ್ದೆಯೊಳಗೆ ಬೇರು ಬಿಟ್ಟಿದ್ದವು. ಆ ಮೂಲೆಯ ಸಸಿಗಳು ಒಂದೂ ಬೀಳದೆ ನೆಟ್ಟಗೆ ನಿಂತಿದ್ದವು.

"ನಾಗ ಕಾದ," ಎಂದು ಅಪ್ಪ ಕೈ ಮುಗಿದ.

"ಉಳಿದದ್ದು ಅವನಿಗೆ ಕಾಣಲಿಲ್ವಾ?" ಎಂದಳು ಅಕ್ಕ. "ಅಲ್ಲಿಯ ಮಣ್ಣೇ ಬೇರೆ ಉಂಟು, ಮೂಸಿ ನೋಡು. ಒಂದು ಬುಟ್ಟಿ ತಂದು ಹಾಕುವ."

"ಬನದ ಮಣ್ಣು ತೆಗೆಯುವುದಾ? ತಲೆ ಸರಿ ಉಂಟಾ ನಿನಗೆ?"

"ಬನದ್ದಲ್ಲ. ನಮ್ಮ ಗದ್ದೆಗೆ ಬಂದ ಬೇರಿನದ್ದು."

ಮಧ್ಯಾಹ್ನ ಅಪ್ಪ ಎದ್ದು, ಬನದ ಎದುರು ಎಳನೀರು ಇಟ್ಟು, ಅಪ್ಪಣೆ ಕೇಳಿ, ಬರಿಗೈಯಲ್ಲಿ ಗದ್ದೆ ಮೂಲೆಯ ಮಣ್ಣು ಕೆದಕಿದ. ಹಾರೆ ಹಾಕಲು ಧೈರ್ಯ ಬರಲಿಲ್ಲ. ಅಕ್ಕ ಆ ಕಪ್ಪು ಮಣ್ಣನ್ನು ನೀರಿನಲ್ಲಿ ಕದಡಿ ಸಸಿಗಳ ಬುಡಕ್ಕೆ ಎರೆದಳು. ಹುಳ ಬಾರದಿರಲಿ ಎಂದು ಉದುರಿದ ಲಕ್ಕಿ ಎಲೆ ಹಾಸಿದಳು.

ಬಿದ್ದದ್ದು ಏಳಲಿಲ್ಲ. ಅಂಥದ್ದೆಲ್ಲ ಕತೆಯಲ್ಲಿ. ನಿಂತದ್ದು ಮಾತ್ರ ಮತ್ತೆ ಬೀಳಲಿಲ್ಲ. ಬೀಜಕ್ಕೆ ಅಷ್ಟು ಸಾಕಾಯಿತು. ಆಮೇಲೆ ಅಪ್ಪ ಆ ಮೂಲೆಯ ಬದುವನ್ನು ಕೆರೆಯಲೇ ಇಲ್ಲ.

ಕಾಡುಗಿಡದ ಬೇರಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಉಂಟು, ರೋಗ ತಡೆಯುವುದು ಅವೇ ಎಂದು ಮಣಿಪಾಲದಲ್ಲಿ ಓದುವ ಮೊಮ್ಮಗಳು ಹೇಳುತ್ತಾಳೆ. ಇರಬಹುದು. ನಮಗೆ ಅದೆಲ್ಲ ಎಂತದೂ ಗೊತ್ತಿರಲಿಲ್ಲ. ಮೊನ್ನೆ ಅವಳಿಗೆ ಆ ಮಣ್ಣು ಬೇಕಾಯಿತು, ಸೂಕ್ಷ್ಮದರ್ಶಕದಲ್ಲಿ ನೋಡಲಿಕ್ಕೆ. ನಾಗಬನಕ್ಕೆ ಈಗ ಸುತ್ತಲೂ ಟೈಲ್ಸ್ ಹಾಕಿದ್ದಾರೆ, ಒಂದು ಗಿಡ ಇಲ್ಲ. ಡಬ್ಬಿ ಹಿಡಿದು ಒಂದು ಸುತ್ತು ಬಂದವಳು, "ಮಣ್ಣು ಎಲ್ಲಿ ಅಜ್ಜಿ?" ಎಂದಳು.

ಗದ್ದೆಯ ಮೂಲೆಗೆ ಕರೆದುಕೊಂಡು ಹೋದೆ. ಆ ಬದುವನ್ನು ನಾನೂ ಕೆರೆದಿಲ್ಲ. ಲಕ್ಕಿ ಪೊದೆ ಇನ್ನೂ ಉಂಟು. ಅವಳು ಚೀಲದಿಂದ ಚಮಚ ತೆಗೆದಳು.

"ಅದು ಬೇಡ," ಎಂದೆ. "ಕೈಯಲ್ಲಿ ತೆಗೆ."