ಐದನೆಯ ಮುದ್ದೆ

ನಿವೃತ್ತಿಯಾದ ಮೇಲೂ ನನ್ನ ದಿನಚರಿ ಬದಲಾಗಲಿಲ್ಲ. ನಾಲ್ಕೂವರೆಗೆ ಏಳುವುದು, ಐದಕ್ಕೆ ನಡಿಗೆ, ಆರಕ್ಕೆ ಸ್ನಾನ. ಹೀಗೆ ಬದುಕುವವನಿಗೆ ಹಗಲು ಉದ್ದ. ಮನಸ್ಸಿನ ಆರೋಗ್ಯದ ಸಮೀಕ್ಷೆಗೆ ಊರುಗಳನ್ನು ಬಲ್ಲ ಹಿರಿಯರೊಬ್ಬರು ಬೇಕು ಎಂದು ಚಾಮರಾಜನಗರದಲ್ಲಿ ಯಾರೋ ಹೇಳಿದಾಗ ಮರುದಿನವೇ ಹೋಗಿ ಸೇರಿಕೊಂಡೆ. ಇದೇ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಬೇರೆ ಹಲವು ದೇಶಗಳ ಮನೆಗಳಲ್ಲೂ ಕೇಳುತ್ತಿದ್ದರಂತೆ. ಮನೆ ಗುರುತಿಸಿ ಮನೆಯವರ ಪಟ್ಟಿ ಮಾಡುವುದು ನನ್ನ ಕೆಲಸ. ಪ್ರಶ್ನೆ ಕೇಳುವುದು ಮೈಸೂರಿನಿಂದ ಬಂದ ಹೆಣ್ಣುಮಗಳೊಬ್ಬಳದು. ನನ್ನ ಮಗಳ ವಯಸ್ಸಿನವಳು, ನನಗಿಂತ ಕಟ್ಟುನಿಟ್ಟು.

ನಿಯಮಗಳೂ ಅಷ್ಟೇ ಬಿಗಿ. ಊರಿನ ಒಂದು ಮೂಲೆಯಿಂದ ಹೊರಟು ಇಷ್ಟು ಮನೆ ಬಿಟ್ಟು ಒಂದು ಮನೆ. ಒಳಗೆ ಹೋದರೂ ಬಾಗಿಲು ತೆರೆದವರನ್ನು ಕೇಳುವಂತಿಲ್ಲ. ಹದಿನೆಂಟು ದಾಟಿದವರನ್ನೆಲ್ಲ, ಮೊದಲು ಗಂಡಸರು ಆಮೇಲೆ ಹೆಂಗಸರು, ವಯಸ್ಸಿನ ಪ್ರಕಾರ ಬರೆಯಬೇಕು. ಪ್ರತಿ ಫಾರಂ ಮೇಲೂ ಮೊದಲೇ ಅಚ್ಚಾದ ಕೋಷ್ಟಕವೊಂದಿತ್ತು: ಇಷ್ಟು ಜನರಿದ್ದರೆ ಇಷ್ಟನೆಯವರು. ಆ ಒಬ್ಬರನ್ನೇ ಕೇಳಬೇಕು. ಅವರು ಸಿಗದಿದ್ದರೆ ಮೂರು ಸಲ ಹೋಗಬೇಕು. ಬದಲಿಗೆ ಇನ್ನೊಬ್ಬರನ್ನು ಕೂರಿಸುವ ಹಾಗಿಲ್ಲ.

ನನಗಿದು ಅತಿಯೆನಿಸಿತ್ತು. ಉಡಿಗಾಲದ ಶಾಲೆಯಲ್ಲಿ ಹನ್ನೊಂದು ವರ್ಷ ಮೇಷ್ಟ್ರಾಗಿದ್ದವನು ನಾನು. ಯಾವ ಮನೆಯಲ್ಲಿ ಯಾರಿಗೆ ಚಿಂತೆ ಎಂದು ನನ್ನನ್ನೇ ಕೇಳಿದ್ದರೆ ಹೇಳುತ್ತಿದ್ದೆನಲ್ಲ!

ಉಡಿಗಾಲದಲ್ಲಿ ಎಣಿಕೆ ಬಂದು ನಿಂತದ್ದು ನನಗೆ ಚೆನ್ನಾಗಿ ಗೊತ್ತಿದ್ದ ಮನೆಯ ಮುಂದೆ. ಯಜಮಾನರು ನನ್ನ ಓರಗೆಯವರು. ಅವರ ಜಗಲಿಯಲ್ಲಿ ನಾನು ಕುಡಿದ ಕಾಫಿಗೆ ಮಿತಿಯಿಲ್ಲ. ಕೇಳುವುದೇನು ಎಂದು ರೇಷನ್ ಕಾರ್ಡ್ ತರಿಸಿ ಬರೆದುಕೊಂಡೆ. ಯಜಮಾನರು, ಮಗ, ಯಜಮಾನರ ಹೆಂಡತಿ, ಸೊಸೆ. ನಾಲ್ಕು ಜನ. ಕೋಷ್ಟಕದಲ್ಲಿ ನಾಲ್ಕರ ಎದುರು ಎರಡು ಎಂದಿತ್ತು. ಎರಡನೆಯವನು ಮಗ, ಎದುರಿಗೇ ಕೂತಿದ್ದ.

"ನಂದೇ ಬಂತಾ ಮೇಷ್ಟ್ರೇ? ಲಾಟ್ರಿ ಒಡೀತು ಬುಡಿ! ನನ್ ತಲೆ ಕೆಟ್ಟದೋ ಇಲ್ವೋ ಅಂತ ಫಾರಿನ್‌ನೋರು ಕೇಳ್ತಾವ್ರಾ?"

"ಅದ್ಕೆ ಫಾರಿನ್‌ನೋರು ಯಾಕ್ ಬೇಕು? ನನ್ನ ಕೇಳಿದ್ರೆ ನಾನೇ ಏಳ್ತಿರ್ನಿಲ್ವಾ" ಎಂದಳು ಅಡುಗೆಮನೆಯಿಂದ ಅವನ ಹೆಂಡತಿ.

ನಾನು ನಕ್ಕು ಗಡಿಯಾರ ನೋಡಿಕೊಂಡೆ. ಜೊತೆಯವಳು ಮಾತ್ರ ಟ್ಯಾಬ್ ತೆರೆಯಲಿಲ್ಲ. ಪಟ್ಟಿ ಮುಗಿಸುವ ಮುಂಚೆ ಕೇಳಲೇಬೇಕಾದ ಪ್ರಶ್ನೆಯೊಂದನ್ನು ನಾನು ಬಿಟ್ಟಿದ್ದೆ. ಅವಳೇ ಕೇಳಿದಳು: "ದಿನಾ ಇಲ್ಲೇ ಮಲಗೋರು, ಇದೇ ಒಲೆ ಊಟ ಮಾಡೋರು ಬೇರೆ ಯಾರಾದ್ರೂ ಇದ್ದಾರಾ?"

"ಇಲ್ಲ ಕಣವ್ವ, ಇಷ್ಟೇಯ" ಎಂದರು ಯಜಮಾನರು.

"ಇಷ್ಟೇ ಅಂದ್ರೆ? ದಿನಾ ಐದು ಮುದ್ದೆ ಕಟ್ತೀನಲ್ಲ ಮಾವ. ಅತ್ಗೆ ಇಲ್ವಾ?" ಎಂದಳು ಸೊಸೆ.

ಯಜಮಾನರ ಮುಖದಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. "ಓ, ಅವ್ಳಾ? ಅವ್ಳು ಕೊಟ್ಟ ಎಣ್ಣು ಮೇಷ್ಟ್ರೇ. ಅವ್ಳ ಎಸ್ರು ಅರದನಳ್ಳಿ ಕಾರ್ಡ್‌ನಲ್ಲಿ ಅದೆ."

ಹರದನಹಳ್ಳಿಗೆ ಕೊಟ್ಟಿದ್ದ ಹಿರಿಮಗಳು. ಗಂಡ ತೀರಿಕೊಂಡು, ಆಕೆ ತವರಿಗೆ ಬಂದು ಏಳು ವರ್ಷವಾಗಿತ್ತು. ಬೆಳಿಗ್ಗೆ ಬಸ್ಸು ಹಿಡಿದು ಗುಂಡ್ಲುಪೇಟೆಗೆ ಹೋಗಿ, ಮಂಡಿಯಲ್ಲಿ ಈರುಳ್ಳಿ ಆರಿಸಿ, ಕತ್ತಲಾದ ಮೇಲೆ ಬರುತ್ತಿದ್ದಳು. ನಮ್ಮ ಕಡೆ ಕೊಟ್ಟ ಹೆಣ್ಣನ್ನು ತವರಿನವರು ತಮ್ಮ ಮನೆಯ ಎಣಿಕೆಗೆ ಹಿಡಿಯುವುದಿಲ್ಲ. ಅದು ತಾತ್ಸಾರವಲ್ಲ, ರೂಢಿ. ಹರದನಹಳ್ಳಿಯ ಮನೆಯಲ್ಲಿ ಕೇಳಿದ್ದರೆ ಅಲ್ಲಿಯೂ "ಅವ್ಳು ತವರಿಗೋದ್ಲು" ಎಂದು ಬಿಟ್ಟುಬಿಡುತ್ತಿದ್ದರು. ನಾನೂ ಆಕೆಯ ಮದುವೆಯ ಊಟ ಮಾಡಿದವನೇ. ಅದೇ ಜಗಲಿಯಲ್ಲಿ ಕೂತು, ಏಳು ವರ್ಷದಲ್ಲಿ ಒಮ್ಮೆಯೂ ಆಕೆಯ ವಿಷಯ ಕೇಳಿರಲಿಲ್ಲ.

ಪಟ್ಟಿ ಹೊಡೆದುಹಾಕಿ ಹೊಸದಾಗಿ ಬರೆದೆ. ಗಂಡಸರಿಬ್ಬರು, ತಾಯಿ ಮೂರು, ಹಿರಿಮಗಳು ನಾಲ್ಕು, ಸೊಸೆ ಐದು. ಕೋಷ್ಟಕದ ಮೇಲೆ ಬೆರಳಿಟ್ಟೆ. ಐದರ ಎದುರು ನಾಲ್ಕು.

ಉಡಿಗಾಲದ ಹೆಸರನ್ನೇ ಕೇಳಿರದ ಯಾರೋ ಎಲ್ಲೋ ಕೂತು ಅಚ್ಚು ಹಾಕಿಸಿದ ಕಾಗದ ಅದು. ಅದಕ್ಕೆ ಯಾರ ಮುಖವೂ ಗೊತ್ತಿಲ್ಲ, ಯಾರ ಜಗಲಿಯ ಕಾಫಿಯೂ ಬೇಕಿಲ್ಲ. ಅದಕ್ಕೇ ಇರಬೇಕು, ನಾವು ಯಾರೂ ನೋಡದವಳನ್ನು ಅದು ಕೈ ತೋರಿಸಿ ಕರೆದದ್ದು.

ಕರೆದರೂ ಆಕೆ ಸಿಗಬೇಕಲ್ಲ. ಎರಡನೆಯ ಸಲ ಸಂಜೆ ಹೋದೆವು. ಬಸ್ಸಿಳಿದು ಬಂದವಳು ತಲೆ ಬಗ್ಗಿಸಿಕೊಂಡು ಒಳಗೆ ಹೋದಳು, ಹೊರಗೆ ಬರಲಿಲ್ಲ. "ಅವ್ಳು ಯಾರ್ ಕುಟ್ಟೂ ಮಾತಾಡಲ್ಲ, ನನ್ನೇ ಕೇಳ್ಕೊಳಿ" ಎಂದ ತಮ್ಮ. ಉಳಿದದ್ದು ಒಂದೇ ಸಲ. ಅದೂ ತಪ್ಪಿದರೆ ಆ ಮನೆಯ ಫಾರಂ ಖಾಲಿಯಾಗಿಯೇ ಹೋಗುತ್ತದೆ, ಆಕೆಯನ್ನು ಇನ್ನು ಯಾರೂ ಕೇಳುವುದಿಲ್ಲ. ಆದರೂ ನನಗೆ ಕೆಲಸ ಮುಗಿಸುವ ಆತುರ. ತಮ್ಮನನ್ನೇ ಕೇಳಿಬಿಡೋಣವೇ ಎಂದೆ.

"ಸಿಗೋರನ್ನೇ ಕೇಳ್ತಾ ಹೋದ್ರೆ, ಮನೇಲಿ ಕೂತು ನಗೋರ ಮನಸ್ಸು ಮಾತ್ರ ನಮಗೆ ಗೊತ್ತಾಗೋದು ಸರ್" ಎಂದಳು ಜೊತೆಯವಳು.

ನಾನು ಫಾರಂ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಮಂಡಿಗೆ ಯಾವ ದಿನ ರಜೆ ಎಂಬುದನ್ನು ಆಕೆಯ ತಾಯಿಯಿಂದ ತಿಳಿದುಕೊಂಡು ಆ ದಿನ ಬೆಳಿಗ್ಗೆ ಆರೂವರೆಗೇ ಹೋದೆವು. ಆಕೆ ಅಂಗಳ ಗುಡಿಸುತ್ತಿದ್ದಳು.

"ನನ್ನೇ ಯಾಕೆ ಸಾ? ಯಾರಾರ ನನ್ ಮ್ಯಾಲೆ ಏನಾರ ಏಳಿದ್ರಾ?"

"ಯಾರೂ ಹೇಳಲಿಲ್ಲ ಕಣಮ್ಮ. ಇದು ಹೇಳ್ತು" ಎಂದು ಫಾರಂ ತೋರಿಸಿದೆ. ಪೊರಕೆ ಕೆಳಗಿಟ್ಟು, ಕೈ ಒರೆಸಿಕೊಂಡು, ಪಟ್ಟಿಯನ್ನು ಮೇಲಿನಿಂದ ಓದಿಕೊಂಡು ಬಂದಳು. ನಾಲ್ಕನೆಯ ಹೆಸರಿನ ಮೇಲೆ ಬೆರಳು ನಿಂತಿತು. "ಈ ಮನೇಲಿ ನನ್ನೂ ಬರ್ದಿದ್ದೀರಾ" ಎಂದಳು.

ಹೆಂಗಸರಿಬ್ಬರೂ ಹಿತ್ತಿಲಿಗೆ ಹೋದರು. ಮಿಕ್ಕವರನ್ನು ಜಗಲಿಯಲ್ಲೇ ಹಿಡಿದಿಡುವುದು ನನ್ನ ಪಾಲಿನ ನಿಯಮ. ಒಂದು ಗಂಟೆಯೊಳಗೆ ಮುಗಿಯಬೇಕಾದದ್ದು ಮೂರು ಗಂಟೆ ಹಿಡಿಯಿತು. ಆಕೆ ಏನು ಹೇಳಿದಳೋ ನನಗೆ ಇಂದಿಗೂ ಗೊತ್ತಿಲ್ಲ, ಗೊತ್ತಾಗಲೂಬಾರದು. ಜಗಲಿಗೆ ಬಂದ ಆಕೆಯ ಕೈಯಲ್ಲಿ, ಜಿಲ್ಲಾ ಆಸ್ಪತ್ರೆಯ ಮನಸ್ಸಿನ ಡಾಕ್ಟರು ಸಿಗುವ ದಿನವನ್ನು ಜೊತೆಯವಳು ಬರೆದುಕೊಟ್ಟ ಚೀಟಿಯಿತ್ತು.

"ಅಪ್ಪೋ, ಬುದ್ವಾರ ನಾನು ಆಸ್ಪತ್ರೆಗೆ ಓಯ್ತೀನಿ."

ಯಜಮಾನರು ಮಗಳನ್ನು ನೋಡಿದರು, ನನ್ನನ್ನು ನೋಡಿದರು. "ಒಬ್ಳೇ ಯಾಕವ್ವ, ನಾನೂ ಬತ್ತೀನಿ" ಎಂದರು.

ಹಿಂದಿರುಗುವಾಗ ಜೊತೆಯವಳು ಇನ್ನೊಂದು ವಿಷಯ ಹೇಳಿದಳು. ಐವರಲ್ಲಿ ಒಬ್ಬರನ್ನು ಆರಿಸಿದ್ದರಿಂದ, ಕೊನೆಯಲ್ಲಿ ಎಲ್ಲವನ್ನೂ ಕೂಡಿಸುವಾಗ ಆಕೆಯ ಉತ್ತರಕ್ಕೆ ಐದು ಜನರ ತೂಕ ಕೊಡುತ್ತಾರಂತೆ. ನಾನು ರಸ್ತೆಯಲ್ಲೇ ನಿಂತೆ. ಜೊತೆಯವಳೂ ನಿಂತಳು. ಮುಂದಿನ ಮನೆಗೆ ತಡವಾಗುತ್ತಿತ್ತು, ಆಗಲಿ ಎಂದುಕೊಂಡೆ.