ಒಂದು ಕಿಲೋ ನಕ್ಷತ್ರ

ನನ್ನ ತಮ್ಮನಿಗೆ ಮಂಕು ಬೆಳಕು ಕಂಡರೆ ಆಗುವುದಿಲ್ಲ. ಚಿಕ್ಕಂದಿನಿಂದಲೂ ಹಾಗೆಯೇ. ಅವನ ಮನೆಯ ಬಚ್ಚಲಲ್ಲಿ ಉರಿಯುವ ಬಲ್ಬಿನ ಕೆಳಗೆ ನಿಂತರೆ, ಪೊಲೀಸರು ವಿಚಾರಣೆಗೆ ನಿಲ್ಲಿಸಿದ್ದಾರೇನೋ ಅನ್ನಿಸಿ, ಮಾಡದ ತಪ್ಪನ್ನೂ ಒಪ್ಪಿಕೊಂಡುಬಿಡೋಣ ಎನ್ನುವಂತಾಗುತ್ತದೆ. ಬಾಗಿಲ ಮೇಲಿನ ದೀಪವಂತೂ ಎಷ್ಟು ಜೋರೆಂದರೆ, ಎದುರು ಅಂಗಡಿಯ ದರ್ಜಿ ಸಂಜೆ ತನ್ನ ಲೈಟು ಹಾಕುವುದನ್ನೇ ಬಿಟ್ಟಿದ್ದಾನೆ. ನಮ್ಮ ಬೆಳಕಿನಲ್ಲೇ ಸೂಜಿಗೆ ದಾರ ಪೋಣಿಸುತ್ತಾನೆ. ಬೀದಿಯವರು ತಮ್ಮನಿಗೆ ಫುಲ್ ಲೈಟ್ ಎಂದು ಹೆಸರಿಟ್ಟಿದ್ದಾರೆ. ಅವನಿಗೆ ಅದು ಬಿರುದು.

ಅವನ ಹೆಂಡತಿ ಮದುವೆಯಾಗಿ ಬಂದ ಹೊಸತರಲ್ಲೇ, "ಮಲಗೋ ಕೋಣೆಗೆ ಒಂದು ಸಣ್ಣ ಬಲ್ಬು ಹಾಕ್ರೀ" ಎಂದು ಕೇಳಿದ್ದಳು. "ಹಾಕೋಣ" ಅಂದಿದ್ದ. ಮಕ್ಕಳು ಹುಟ್ಟಿ, ಬೆಳೆದು, ತಮ್ಮ ತಮ್ಮ ಮನೆ ಸೇರಿಕೊಂಡರು. ಆ 'ಹಾಕೋಣ' ಮಾತ್ರ ಇದ್ದಲ್ಲೇ ಇದೆ. ರಾತ್ರಿ ಎದ್ದರೆ ಎಡವಬಾರದು ಎಂದು ಇವನು ದೊಡ್ಡ ಲೈಟೇ ಉರಿಸಿಡುತ್ತಾನೆ. ಅವಳು ಗೋಡೆಗೆ ಮುಖ ಮಾಡಿ, ಕಣ್ಣ ಮೇಲೆ ಒಂದು ಬಟ್ಟೆ ಹಾಕಿಕೊಂಡು ಮಲಗುತ್ತಾಳೆ. ನಾನು ಒಂಟಿಯಾದ ಮೇಲೆ ಅವರ ಹಿಂದಿನ ಕೋಣೆಗೆ ಬಂದವಳು. ಬಾಗಿಲ ಸಂದಿಯಿಂದ ಆ ಬೆಳಕು ನನ್ನ ಹಾಸಿಗೆಯವರೆಗೂ ಬರುತ್ತದೆ, ಬೇಡ ಅಂದರೂ.

ಇಂಥವನಿಗೆ ಸಿಕ್ಕಿದ ಕೆಲಸ ಏನು ಗೊತ್ತೆ? ದೀಪ ಆರಿಸುವುದು.

ಅವನು ತಾರಾಲಯದ ಎಲೆಕ್ಟ್ರಿಷಿಯನ್. ದೊಡ್ಡ ಬೋಗುಣಿ ಕವುಚಿಟ್ಟ ಹಾಗೆ ಗುಂಡು ಛಾವಣಿ, ಒಂದು ಕಿಟಕಿಯೂ ಇಲ್ಲದ ಸಭಾಂಗಣ. ಜನ ಬಂದು ಕೂತ ಮೇಲೆ ಛಾವಣಿಯಲ್ಲಿ ನಕ್ಷತ್ರ ತೋರಿಸುತ್ತಾರೆ. ಅದಕ್ಕೂ ಮುಂಚೆ ಒಳಗಿನ ದೀಪಗಳನ್ನೆಲ್ಲ ಒಮ್ಮೆಲೇ ಆರಿಸದೆ, ನೋಡುವವರ ಕಣ್ಣು ಕತ್ತಲಿಗೆ ಒಗ್ಗುವ ಹಾಗೆ ನಿಧಾನವಾಗಿ ಇಳಿಸಬೇಕು. ಆ ಗುಂಡಿ ಇದ್ದದ್ದು ತಮ್ಮನ ಕೈಯಲ್ಲಿ. "ಬೇರೆಯವರು ಸಂಬಳಕ್ಕೆ ಬೆಳಕು ಕೊಡ್ತಾರೆ, ನಾನು ಕತ್ತಲೆ ಹಂಚ್ತೀನಿ ಅಕ್ಕ" ಎಂದು ಗೊಣಗುತ್ತಲೇ ಇಡೀ ನೌಕರಿ ಮುಗಿಸಿದ.

ಆ ಸಿಟ್ಟನ್ನೆಲ್ಲ ಕಟ್ಟಡದ ಮಿಕ್ಕ ಭಾಗದ ಮೇಲೆ ತೀರಿಸಿಕೊಂಡಿದ್ದ. ಓಣಿ, ಮೆಟ್ಟಿಲು, ಕಚೇರಿ, ಕಕ್ಕಸು, ಎಲ್ಲ ಕಡೆ ಬೆಳಕು ಚೆಲ್ಲಾಡುತ್ತಿತ್ತು. ಅಲ್ಲಿನ ಕೆಲಸದವರಿಗೆಲ್ಲ ಅವನದೊಂದು ಪಾಠ: "ಮಂಕಾದ ಬಲ್ಬು ಅಂದ್ರೆ ಸತ್ತ ಬಲ್ಬು. ಕಂಡ ತಕ್ಷಣ ತೆಗೆದು ಹೊಸದು ಹಾಕಿ. ನನ್ನನ್ನ ಕೇಳ್ತಾ ಕೂರ್ಬೇಡಿ. ಹಳೇದನ್ನ ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕಿ, ಗಾಜು ಯಾರಿಗೂ ಚುಚ್ಚಬಾರದು." ಕಸ ಗುಡಿಸುವ ಹೆಂಗಸು ಈ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಿದ್ದಳೆಂದರೆ, ಅವಳ ಮಾಸಲು ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ದೊಡ್ಡ ಬಲ್ಬು ಇರುತ್ತಿತ್ತು.

ತಮ್ಮ ನಿವೃತ್ತನಾಗುವ ತಿಂಗಳು ಬಂತು. ತಾರಾಲಯದ ದೊಡ್ಡ ಸಾಹೇಬರು ಅವನನ್ನು ಕರೆದು ಒಂದು ಕೊನೆಯ ಕೆಲಸ ಒಪ್ಪಿಸಿದರು. ಸಣ್ಣ ನಕ್ಷತ್ರಗಳ ಭಾರಕ್ಕೂ ಬೆಳಕಿಗೂ ಇರುವ ನಂಟನ್ನು ಜನ ಮುಟ್ಟಿ ನೋಡುವ ಹಾಗೆ ಒಂದು ಮೇಜು ಮಾಡಬೇಕು. ಮೂರು ಗುಂಡು, ಮೂರು ದೀಪ. ಗುಂಡನ್ನು ಎತ್ತಿ ನೋಡಿದರೆ ಭಾರ ಗೊತ್ತಾಗಬೇಕು, ಮುಂದಿನ ದೀಪ ನೋಡಿದರೆ ಬೆಳಕು ಗೊತ್ತಾಗಬೇಕು. ಮೇಜಿಗೆ ಹಿತ್ತಾಳೆ ಫಲಕ ಹೊಡೆಯುತ್ತೇವೆ, ಇದನ್ನು ಮಾಡಿದವರು ಇಂಥವರು ಎಂದು ನಿಮ್ಮ ಹೆಸರು ಇರುತ್ತದೆ ಅಂದರು.

ತಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಾವಿರಾರು ದೀಪ ಹಾಕಿದ್ದಾನೆ, ಒಂದರ ಕೆಳಗಾದರೂ ಅವನ ಹೆಸರಿಲ್ಲ. ಫಲಕ ತಯಾರಾದ ದಿನವೇ ಅದನ್ನು ಮನೆಗೆ ತಂದು ಕನ್ನಡಿಯ ಪಕ್ಕ ಒರಗಿಸಿಟ್ಟ. ಉಬ್ಬಿದ ಅಕ್ಷರ. ಬೆಳಿಗ್ಗೆ ಗಡ್ಡ ಕೆರೆಯುವಾಗ ಮುಖಕ್ಕಿಂತ ಅದನ್ನೇ ಹೆಚ್ಚು ನೋಡಿ, ಎರಡು ಕಡೆ ಗಾಯ ಮಾಡಿಕೊಂಡ.

ಮೇಜನ್ನು ಮನೆಯಲ್ಲೇ ಕಟ್ಟಿದ. ಊಟದ ಕೋಣೆಯಲ್ಲಿ ವೈರು, ಇಕ್ಕಳ, ಗರಗಸದ ಪುಡಿ. ಕಬ್ಬಿಣದ ಚೂರು, ಮರಳು ತುಂಬಿ ಮೂರು ಗುಂಡು ಮಾಡಿ ಅಡುಗೆಮನೆಯ ತಕ್ಕಡಿಯಲ್ಲೇ ತೂಗಿದ. ಸೂರ್ಯನಿಗೆ ಹತ್ತು ಕಿಲೋ, ಅದರ ಅರ್ಧದ ನಕ್ಷತ್ರಕ್ಕೆ ಐದು, ಹತ್ತನೇ ಒಂದು ಪಾಲಿನದಕ್ಕೆ ಒಂದು ಕಿಲೋ. ಹಾಗೆಯೇ ನೂರರ ಬಲ್ಬು, ಐವತ್ತರದು, ಹತ್ತರದು. ಎಲ್ಲ ಹೊತ್ತಿಸಿ, ಸೊಂಟಕ್ಕೆ ಕೈಯಿಟ್ಟು ನಿಂತ.

ಪರೀಕ್ಷೆ ಮಾಡಲು ಬಂದವಳು ತಾರಾಲಯದಲ್ಲಿ ನಕ್ಷತ್ರ ಓದಿಕೊಂಡ ಹುಡುಗಿ. ನಾವೆಲ್ಲ ಮೇಡಂ ಅನ್ನುತ್ತೇವೆ, ಅವಳು ತಮ್ಮನನ್ನು ಅಣ್ಣಾ ಅನ್ನುತ್ತಾಳೆ. ಟೀ ಲೋಟ ಹಿಡಿದುಕೊಂಡು ಮೂರೂ ದೀಪ ನೋಡಿದಳು.

"ಅಣ್ಣಾ, ಸೂರ್ಯ ಸರಿಯಿದಾನೆ. ಇನ್ನೆರಡೂ ತಪ್ಪು."

"ಏನ್ ತಪ್ಪು? ಅರ್ಧ ಭಾರಕ್ಕೆ ಅರ್ಧ ಬೆಳಕು. ನ್ಯಾಯವಾಗಿದೆಯಲ್ಲ."

"ನಕ್ಷತ್ರಕ್ಕೆ ಆ ನ್ಯಾಯ ಇಲ್ಲ. ಅರ್ಧ ಭಾರ ಇದ್ರೆ ಬೆಳಕು ಸುಮಾರು ಮೂವತ್ತರಲ್ಲಿ ಒಂದು ಪಾಲು."

"ಮತ್ತೆ ಒಂದು ಕಿಲೋದು?"

"ಸೂರ್ಯನ ಬೆಳಕನ್ನ ಸಾವಿರ ಪಾಲು ಮಾಡಿ. ಅದರಲ್ಲಿ ಒಂದು."

ತಮ್ಮ ಆ ಗುಂಡನ್ನು ಎತ್ತಿ ಕೈಯಲ್ಲೇ ತೂಗಿ ನೋಡಿದ. "ಮೇಡಂ, ಅದು ನಕ್ಷತ್ರ ಅಲ್ಲ. ಅದು ಕೆಟ್ಟ ಬಲ್ಬು."

ಬಟಾಣಿ ಸುಲಿಯುತ್ತಾ ಕೂತಿದ್ದ ಅವನ ಹೆಂಡತಿ ಕೇಳಿದಳು, "ಅಲ್ಲಮ್ಮಾ, ಅಷ್ಟು ದೂರ ಇರೋದನ್ನ ತೂಗೋದು ಹೇಗೆ? ತಕ್ಕಡಿ ಎಲ್ಲಿಡ್ತೀರಿ?"

"ತಕ್ಕಡಿ ಬೇಡಮ್ಮ, ಜೋಡಿ ಬೇಕು. ಎಷ್ಟೋ ನಕ್ಷತ್ರ ಜೋಡಿಯಾಗಿ ಸುತ್ತುತ್ತಿರ್ತವೆ. ಒಂದಕ್ಕೊಂದು ಎಷ್ಟು ದೂರದಲ್ಲಿ ಇದಾವೆ, ಒಂದು ಸುತ್ತಿಗೆ ಎಷ್ಟು ಕಾಲ ಹಿಡಿಯುತ್ತೆ ನೋಡಿದ್ರೆ, ಎರಡೂ ಸೇರಿ ಎಷ್ಟು ಭಾರ ಅಂತ ಗೊತ್ತಾಗುತ್ತೆ. ಅದರಲ್ಲಿ ಭಾರದ್ದು ಇದ್ದಲ್ಲೇ ಚೂರು ಅಲ್ಲಾಡುತ್ತೆ. ಹಗುರದ್ದು ದೊಡ್ಡ ಸುತ್ತು ಹೊಡೆಯುತ್ತೆ."

ಆ ಹೊತ್ತಿಗೆ ನನ್ನ ತಮ್ಮ ಇಕ್ಕಳ ತರಲು ಒಮ್ಮೆ, ಟೇಪು ತರಲು ಒಮ್ಮೆ, ತಂದ ಟೇಪು ಎಲ್ಲಿಟ್ಟೆ ಎಂದು ಹುಡುಕಲು ಇನ್ನೊಮ್ಮೆ ಎದ್ದು, ಹೆಂಡತಿ ಕೂತಿದ್ದ ಕುರ್ಚಿಯನ್ನು ಸುತ್ತುತ್ತಲೇ ಇದ್ದ. ಅವನು ಗುಡಾಣದಂತಿದ್ದಾನೆ, ಅವಳು ಒಣಗಿದ ಕಡ್ಡಿ. ಅವಳು ಒಂದು ಬಟಾಣಿ ಸುಲಿದು ಬಾಯಿಗೆ ಹಾಕಿಕೊಂಡು, "ಹಾಗಾದ್ರೆ ಈ ಮನೇಲಿ ಭಾರದ್ದು ನಾನೇ" ಅಂದಳು. ಮೇಡಂಗೆ ನಗು ತಡೆಯಲಾರದೆ ಟೀ ಮೂಗಿಗೆ ಹತ್ತಿತು.

ಕೆಮ್ಮಿ ಸುಧಾರಿಸಿಕೊಂಡು ಮಿಕ್ಕದ್ದನ್ನೂ ಹೇಳಿದಳು. ಹೀಗೆ ಎಷ್ಟೋ ಜೋಡಿಗಳನ್ನು ತೂಗಿ, ಇಷ್ಟು ಭಾರಕ್ಕೆ ಇಷ್ಟು ಬೆಳಕು ಎಂದು ಗೊತ್ತುಮಾಡಿಕೊಂಡಿದ್ದಾರಂತೆ. ಆಮೇಲೆ ಒಂಟಿ ನಕ್ಷತ್ರ ಸಿಕ್ಕಿದರೆ ಬೆಳಕು ನೋಡಿಯೇ ಭಾರ ಅಂದಾಜು ಮಾಡುತ್ತಾರೆ. ಭಾರ ಹೆಚ್ಚಿದ್ದರೆ ಮೈಯೆಲ್ಲ ನಡುಹೊಟ್ಟೆಯನ್ನು ಒತ್ತುತ್ತದೆ, ಒತ್ತಿದಷ್ಟೂ ಕಾವು, ಕಾವೇರಿದಷ್ಟೂ ಧಗಧಗ ಉರಿ. ಭಾರ ಕಮ್ಮಿಯಾದರೆ ಕಾವು ಸ್ವಲ್ಪ ಇಳಿಯುತ್ತದೆ, ಉರಿ ಮಾತ್ರ ಪಾತಾಳಕ್ಕೆ ಇಳಿಯುತ್ತದೆ. ಬೂದಿ ಮುಚ್ಚಿದ ಕೆಂಡದ ಹಾಗೆ ಅಂತ ನಾನು ತಿಳಿದುಕೊಂಡೆ.

"ಆದ್ರೆ ಬಾಳಿಕೆ ಇದಕ್ಕೇ ಜಾಸ್ತಿ" ಎಂದು ಮೇಡಂ ಒಂದು ಕಿಲೋದ ಗುಂಡನ್ನು ತಟ್ಟಿದಳು. "ಸೂರ್ಯ ಆರಿಹೋದ ಮೇಲೂ ಇದು ಉರೀತಾನೇ ಇರುತ್ತೆ."

"ಉರಿದು ಏನು ಬಂತು, ಕಾಣದೆ ಹೋದ್ಮೇಲೆ" ಅಂದ ತಮ್ಮ.

ಆದರೂ ಮಾಡಿದ. ಐದು ಕಿಲೋದಕ್ಕೆ ಮೂರರ ಬಲ್ಬು ಸಿಕ್ಕಿಸಿದ. ಒಂದು ಕಿಲೋದಕ್ಕೆ ಕೆಂಪು ಝೀರೋ ಬಲ್ಬು ತಂದು, ಅದು ಸಾಲದು ಎಂದು ರೆಗ್ಯುಲೇಟರ್ ಹಾಕಿ ಅದರ ಕುತ್ತಿಗೆಯನ್ನೂ ಹಿಸುಕಿದ. ನಮ್ಮ ಊಟದ ಕೋಣೆಯ ಪ್ರಳಯದಂಥ ಬೆಳಕಿನಲ್ಲಿ ಅದು ಹೊತ್ತಿದೆಯೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಮೇಡಂನ ಬೆಳಕು ಅಳೆಯುವ ಮೀಟರು ಹೊತ್ತಿದೆ ಅಂದಿತು. ಅವಳು ಅತ್ತ ಹೋದದ್ದೇ ತಡ, ಇವನು ಗುಂಡಿಯನ್ನು ಕೂದಲೆಳೆಯಷ್ಟು ಮೇಲೆ ತಿರುಗಿಸಿದ. ಮರುದಿನ ಅವಳು ಮೀಟರು ಹಿಡಿದು ಇಳಿಸಿದಳು. ಇವನು ಮತ್ತೆ ಏರಿಸಿದ. ಮಕ್ಕಳು ರಜಾಯಿ ಎಳೆದಾಡಿದ ಹಾಗೆ ಆಯಿತು. ಕೊನೆಗೆ ಅವಳು ಹೇಳಿದಳು:

"ಅಣ್ಣಾ, ನೋಡಿ. ಇದು ಸರಿಯಾಗಿದ್ರೆ ನಿಮ್ಮ ಫಲಕ ಸಾಹೇಬರ ಕೈಲಿ ಹೊಡೆಸ್ತೀನಿ. ಒಂದು ಚೂರು ಸುಳ್ಳಿದ್ರೂ ಮೇಜು ಗೋದಾಮಿಗೆ ಹೋಗುತ್ತೆ. ಮಕ್ಕಳು ನೋಡಿ ಕಲಿಯೋದು."

ಅವತ್ತು ತಮ್ಮನಿಗೆ ಊಟ ಸೇರಲಿಲ್ಲ. "ಅಕ್ಕ, ನೀನೇ ಹೇಳು. ನನ್ನ ಹೆಸರು ಹಾಕಿ ಮೇಲೆ ಸತ್ತ ಬಲ್ಬು ಇಟ್ಟು ಬರ್ಲಾ? ಫುಲ್ ಲೈಟು ಕೊನೇಲಿ ಕೈ ಕೊಟ್ಟ ಅನ್ನಲ್ವಾ ಜನ?"

"ಸತ್ತಿಲ್ಲವಲ್ಲೋ, ಉರೀತಿದೆಯಲ್ಲ" ಅಂದೆ.

"ಅದನ್ನ ಬಂದೋರಿಗೆಲ್ಲ ನೀನು ನಿಂತು ಹೇಳ್ತೀಯಾ?"

ಹೆಂಡತಿ ತಟ್ಟೆ ತೆಗೆಯುತ್ತಾ, "ನಾನೂ ಇಷ್ಟು ವರ್ಷ ಈ ಮನೇಲಿ ಉರ್ಕೊಂಡೇ ಇದೀನಿ. ಯಾರೂ ಫಲಕ ಹೊಡೆದಿಲ್ಲ" ಅಂದಳು. ಅವನು ಲೋಟ ಎತ್ತಿ ನೀರು ಕುಡಿದ.

ಮೇಜನ್ನು ಗುಂಡು ಸಭಾಂಗಣದ ಮೂಲೆಯಲ್ಲಿ ಇಟ್ಟದ್ದಾಯಿತು. ಮೇಡಂ ಕೊನೆಯ ಸಲ ಅಳೆದು ಸರಿ ಅಂದಳು, ಮೇಲೆ ಒಂದು ಬಟ್ಟೆ ಹೊದಿಸಿದರು. ಮರುದಿನ ಬೆಳಿಗ್ಗೆ ಉದ್ಘಾಟನೆ. ನಾನೂ ತಮ್ಮನ ಹೆಂಡತಿಯೂ ಮುಂದಿನ ಸಾಲಿನಲ್ಲಿ ಕೂತೆವು. ಸಾಹೇಬರು ಎರಡು ಮಾತಾಡಿ ಬಟ್ಟೆ ಎಳೆದರು.

ಒಂದು ಕಿಲೋದ ಗುಂಡಿನ ಮುಂದೆ ನೂರರ ಬಲ್ಬು ಕಣ್ಣು ಕುಕ್ಕುತ್ತಿತ್ತು.

ಜನ ಚಪ್ಪಾಳೆ ತಟ್ಟಿದರು. "ಭೇಷ್" ಅಂದರು ಸಾಹೇಬರು, ಅವರಿಗೆ ಲೆಕ್ಕಾಚಾರದ ಕಡೆ ಗಮನ ಇರಲಿಲ್ಲ. "ನಮ್ಮ ಫುಲ್ ಲೈಟು ಹೋಗುವಾಗಲೂ ಫುಲ್ ಲೈಟೇ." ಫಲಕ ಕೈಗೆತ್ತಿಕೊಂಡು ಸ್ಕ್ರೂಡ್ರೈವರ್ ಕೇಳಿದರು.

ಮೇಡಂ ತಮ್ಮನನ್ನು ನೋಡಿದಳು. ಬೈದಿದ್ದರೆ ವಾಸಿಯಿತ್ತು.

"ನಾನಲ್ಲ ಮೇಡಂ" ಅಂದ. ಅವಳು ಮುಖ ತಿರುಗಿಸಿಕೊಂಡಳು.

ಹಿಂದಿನಿಂದ ಗುಡಿಸುವ ಹೆಂಗಸಿನ ದನಿ ಬಂತು. "ನಾನು ಹಾಕಿದ್ದು. ಬೆಳಿಗ್ಗೆ ಧೂಳು ಹೊಡೆಯೋವಾಗ ನೋಡಿದೆ, ಮಂಕಾಗಿತ್ತು. ಗುಂಡೀನೂ ಪೂರ್ತಿ ತಿರುಗಿಸಿದೆ. ಕೇಳ್ತಾ ಕೂರ್ಬೇಡಿ ಅಂತ ನೀವೇ ಹೇಳಿದೀರಲ್ಲ, ಕೇಳ್ಲಿಲ್ಲ."

ಈಗ ಸುಮ್ಮನಿದ್ದರೆ ಎಲ್ಲ ಸುಸೂತ್ರ. ಚಪ್ಪಾಳೆ ಬಿದ್ದಾಗಿದೆ, ದೀಪ ಝಗಮಗಿಸುತ್ತಿದೆ, ಕೆಳಗೆ ಹೆಸರು ಕೂರಬೇಕು ಅಷ್ಟೇ. ಮೇಡಂ ಕೂಡ ಅಷ್ಟು ಜನರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ತಮ್ಮ ಆ ಬಲ್ಬನ್ನು ನೋಡಿದ ರೀತಿ ಇದೆಯಲ್ಲ, ಹಾಗೆ ಅವನು ತನ್ನ ಮದುವೆಯ ದಿನ ಹೆಂಡತಿಯನ್ನೂ ನೋಡಿರಲಿಲ್ಲ. ಆಮೇಲೆ ಸಾಹೇಬರ ಕೈಯಿಂದ ಫಲಕವನ್ನು ಮೆಲ್ಲಗೆ ಬಿಡಿಸಿಕೊಂಡ.

"ಇದಕ್ಕೆ ಬೇಡ ಸರ್. ಇದು ಸುಳ್ಳು ಬೆಳಕು."

ಫಲಕವನ್ನು ಹೆಂಡತಿಯ ಮಡಿಲಿಗೆ ಹಾಕಿ ಕಸದ ಬುಟ್ಟಿಯ ಕಡೆ ನಡೆದ. ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಿಸಿ, ಮೊಣಕೈವರೆಗೆ ಕೈ ಇಳಿಸಿ ತಡಕಾಡಿದ. ಬಾಳೆಹಣ್ಣಿನ ಸಿಪ್ಪೆ ಬಂತು, ಹರಿದ ಟಿಕೆಟುಗಳು ಬಂದವು, ಕೊನೆಗೆ ಕಾಗದದಲ್ಲಿ ಅಚ್ಚುಕಟ್ಟಾಗಿ ಸುತ್ತಿದ ಕೆಂಪು ಬಲ್ಬು ಬಂತು. ಗುಡಿಸುವ ಹೆಂಗಸು, "ಸುತ್ತಿಯೇ ಹಾಕಿದೀನಿ" ಅಂದಳು, ಅದರ ಹೆಗ್ಗಳಿಕೆಯನ್ನೂ ಬಿಡದೆ.

ಬಲ್ಬು ಹಾಕಿದ, ಮೇಡಂ ಮೀಟರು ಹಿಡಿದು ಗುಂಡಿ ಇಳಿಸಿದಳು. ಸಾಹೇಬರು ಬಗ್ಗಿ ನೋಡಿದರು.

"ಹೊತ್ತಿದೆಯೇನ್ರೀ?"

"ಹೊತ್ತಿದೆ ಸರ್."

"ಎಲ್ಲಿ?"

ಹಿಂದೆ ಯಾರೋ ಕಿಸಕ್ಕೆಂದರು. ತಮ್ಮನ ಕಿವಿ ಕೆಂಪಾಯಿತು. ಅವನು ಹೆದರಿದ್ದು ಅದಕ್ಕೇ, ಅದೇ ಆಯಿತು. ಸರಸರ ನಡೆದು ತನ್ನ ಹಳೆಯ ಜಾಗಕ್ಕೆ, ಗೋಡೆಯ ಗುಂಡಿಗಳ ಹತ್ತಿರ ಹೋದ. ದೀಪ ಇಳಿಸತೊಡಗಿದ. ದಿನವೂ ಬೈದುಕೊಂಡು ಮಾಡುತ್ತಿದ್ದ ಕೆಲಸ, ಕೈ ಮಾತ್ರ ಬೆಣ್ಣೆ ತೆಗೆದಷ್ಟು ನಯ. ಅಂಚಿನ ದೀಪಗಳು ಹೋದವು, ನಡುವಿನವು ಹೋದವು. ಆಮೇಲೆ ಮೇಜಿನ ಸೂರ್ಯನನ್ನು ಆರಿಸಿದ, ಐದು ಕಿಲೋದ್ದನ್ನೂ ಆರಿಸಿದ. ಗವ್ವೆನ್ನುವ ಕತ್ತಲು. ಯಾರದೋ ಫೋನು ಬೆಳಗಿತು.

"ಅದನ್ನ ಆರಿಸ್ರೀ" ಎಂದು ಗದರಿದ ನನ್ನ ತಮ್ಮ. ಬೆಳಕನ್ನು ಅವನು ಬೈದದ್ದು ಕೇಳಿ ನಾನು ಕುರ್ಚಿ ಹಿಡಿದುಕೊಂಡೆ.

ಕಾದೆವು. ಒಬ್ಬರು ಕೆಮ್ಮಿದರು, ಒಬ್ಬರ ಕುರ್ಚಿ ಕಿರುಗುಟ್ಟಿತು. ಏನೂ ಇಲ್ಲ. ಆಮೇಲೆ ನನ್ನ ಪಕ್ಕದಿಂದ ತಮ್ಮನ ಹೆಂಡತಿ ಮೆಲ್ಲಗೆ, "ರೀ, ಕಾಣ್ತಿದೆ" ಅಂದಳು.

ಕಾಣುತ್ತಿತ್ತು. ಸಣ್ಣ ಕೆಂಡ. ನೋಡುತ್ತಾ ನೋಡುತ್ತಾ ಅದರ ಸುತ್ತ ಗುಂಡಿನ ಅಂಚು ಕಂಡಿತು, ಮೇಜಿನ ಮೂಲೆ ಕಂಡಿತು, ಸಾಹೇಬರ ಮೂಗಿನ ತುದಿಯೂ ಕಂಡಿತು. ಕತ್ತಲಲ್ಲಿ ಮೇಡಂ ಹೇಳಿದಳು, ಆಕಾಶದಲ್ಲಿ ಮುಕ್ಕಾಲುವಾಸಿ ಇಂಥವೇ ಇವೆ, ಬರಿಗಣ್ಣಿಗೆ ಒಂದೂ ಕಾಣುವುದಿಲ್ಲ ಎಂದು. ಈ ಸಲ ಚಪ್ಪಾಳೆ ತಟ್ಟಲು ಯಾರಿಗೂ ನೆನಪಾಗಲಿಲ್ಲ.

ದೀಪ ಹಾಕಿ ಫಲಕ ಹೊಡೆದರು. ಒಂದು ಕಿಲೋದ ನಕ್ಷತ್ರವನ್ನು ಇನ್ನು ಮುಂದೆ ಕತ್ತಲಲ್ಲೇ ತೋರಿಸುವುದು ಎಂದು ಸಾಹೇಬರು ಅಲ್ಲೇ ಅಪ್ಪಣೆ ಕೊಟ್ಟರು. ಜನ ಇನ್ನೊಮ್ಮೆ ನೋಡಬೇಕು ಅಂದರು, ತಮ್ಮ ಹೆಮ್ಮೆಯಿಂದ ಇನ್ನೊಮ್ಮೆ ಕತ್ತಲು ಮಾಡಿದ. ಆಗಲೇ ಅವನಿಗೆ ಹೊಳೆದದ್ದು.

"ಅಯ್ಯೋ ಅಕ್ಕ" ಅಂದ. "ಕತ್ತಲಲ್ಲಿ ನನ್ನ ಹೆಸರು ಓದೋರು ಯಾರು?"

ಸಭಾಂಗಣವೆಲ್ಲ ನಕ್ಕಿತು. ಅವನ ಹೆಂಡತಿ ಎದ್ದು ಹೋದದ್ದು ನನಗೆ ಸದ್ದಿನಿಂದಲೇ ತಿಳಿಯಿತು. ಮೇಜಿನ ಅಂಚು ತಡವಿಕೊಂಡು, ಉಬ್ಬಿದ ಅಕ್ಷರಗಳ ಮೇಲೆ ಬೆರಳಾಡಿಸಿ, ಒಂದೊಂದಾಗಿ ಕೂಡಿಸಿ ಅವನ ಹೆಸರನ್ನು ಗಟ್ಟಿಯಾಗಿ ಓದಿದಳು.

"ಕೇಳಿಸ್ತಾ? ಇಲ್ಲೇ ಇದೆ. ಈಗ ಮಲಗೋ ಕೋಣೆಗೆ ಇಂಥದೇ ಒಂದು ಬಲ್ಬು ಹಾಕಿ."

"ಹಾಕೋಣ" ಅಂದ ಕತ್ತಲಿನಿಂದ.

ಈ ಸಲ ಹಾಕಿದ. ಅವಳು ಈಗ ಬಟ್ಟೆಯಿಲ್ಲದೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಾಳೆ. ಇವನು ಎದ್ದಾಗಲೆಲ್ಲ ಮಂಚದ ಕಾಲಿಗೆ ಎಡವಿ ಗೊಣಗುತ್ತಾನೆ. ಬಾಗಿಲ ಮೇಲಿನ ದೀಪವನ್ನೂ ಸಣ್ಣದು ಮಾಡೋಣವೇ ಎಂದು ಒಮ್ಮೆ ಕೇಳಿದ. ಎದುರು ಅಂಗಡಿಯ ದರ್ಜಿ ಒಪ್ಪಲಿಲ್ಲ.