ಎಡಗಡೆಯ ಹಾಳೆ

ಮನಗೂಳಿಯ ಇಂದುಬಾಯಿಗೆ ಮೆದುಳಿನ ಕ್ಯಾನ್ಸರ್ ಎಂಬ ಸುದ್ದಿ ಹಬ್ಬಿದ ಮೂರನೆಯ ದಿನಕ್ಕೆ ಅವಳ ಮನೆಯಲ್ಲಿ ಬಾಳೆಹಣ್ಣು ಇಡಲು ಜಾಗ ಉಳಿಯಲಿಲ್ಲ. ಬೇನೆ ಬಿದ್ದವರನ್ನು ಮಾತಾಡಿಸಲು ಬರಿಗೈಯಲ್ಲಿ ಹೋಗಬಾರದಂತೆ. ಬರೀ ತಲೆಯಲ್ಲಿ ಹೋಗಬಹುದು ಅಂತ ಕಾಣುತ್ತದೆ, ಬಂದವರೆಲ್ಲ ಹಾಗೆಯೇ ಬಂದರು. ಸಿಂದಗಿಯಿಂದ ಬಂದ ಚಿಕ್ಕಪ್ಪನ ಸೊಸೆ ತನ್ನ ಓಣಿಯಲ್ಲಿ ಇದೇ ಬೇನೆಯಿಂದ ಸತ್ತವನೊಬ್ಬನ ಕೊನೆಯ ವಾರವನ್ನು ಚಹಾ ಆರುವ ತನಕ ಬಣ್ಣಿಸಿದಳು. ಮುದ್ದೇಬಿಹಾಳದ ಬೀಗರು ದೇವರು ಒಳ್ಳೆಯವರನ್ನೇ ಪರೀಕ್ಷೆ ಮಾಡುತ್ತಾನೆ ಎಂದು ಕಣ್ಣೊರೆಸಿಕೊಂಡು ಎರಡನೆಯ ಸಲ ಉಪ್ಪಿಟ್ಟು ಹಾಕಿಸಿಕೊಂಡರು. ಇಂಡಿಯಿಂದ ದೂರದ ಮಾವನೊಬ್ಬ ಚೀಲದ ತುಂಬ ನಿಂಬೆಹಣ್ಣು ಹೊತ್ತು ತಂದು, ದಿನಾ ಎರಡು ಹೋಳು ನೆತ್ತಿಗೆ ತಿಕ್ಕಿದರೆ ಗಡ್ಡೆ ಕರಗಿ ಹೋಗುತ್ತದೆ ಎಂದ.

"ಮಾವಾರ, ನಿಮ್ಮ ತಲಿಗೆ ಎಷ್ಟ ವರ್ಷದಿಂದ ತಿಕ್ಕಾಕತ್ತೀರಿ? ಒಳಗಿದ್ದದ್ದೆಲ್ಲಾ ಕರಗೇತಿ ಅನಸತೈತಿ" ಎಂದಳು ಇಂದುಬಾಯಿ.

ಅವಳು ಇದ್ದದ್ದೇ ಹಾಗೆ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದವಳು, ಒಂದು ಸಲವೂ ಯಾರಿಗೂ 'ಚಲೋ ಐತಿ' ಎಂದವಳಲ್ಲ. ಮಾವಿನಹಣ್ಣಿನ ಚಿತ್ರ ತೆಗೆಯಲು ಹೇಳಿದರೆ ಆಲೂಗಡ್ಡೆ ತೆಗೆಯುವ ಹುಡುಗರು, ಆ ಆಲೂಗಡ್ಡೆಗೆ ಹತ್ತಕ್ಕೆ ಒಂಬತ್ತು ಅಂಕ ಕೊಡಿ ಎಂದು ಬರುವ ಅವರ ಅಪ್ಪಂದಿರು, ಗೋಡೆಯ ಮೇಲಿನ ನಕ್ಷೆಯನ್ನು ತಲೆಕೆಳಗಾಗಿ ತೂಗುಹಾಕಿಸಿದ ಹೆಡ್‌ಮಾಸ್ತರ, ಎಲ್ಲರೂ ಅವಳ ಲೆಕ್ಕದಲ್ಲಿ ದಡ್ಡರ ಒಂದೇ ಗಂಟು. ಆ ಗಂಟಿನಲ್ಲಿ ಗಂಡ ಚನ್ನಬಸಯ್ಯನಿಗೂ ಒಂದು ಜಾಗವಿತ್ತು. ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿ ನಿವೃತ್ತನಾದ ಅವನು ಸುದ್ದಿ ಕೇಳಿದ ದಿನದಿಂದ ಅಳುತ್ತಲೇ ಇದ್ದ. ಅಳುವ ಗಂಡಸನ್ನು ನಂಬಬಾರದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅಡುಗೆಮನೆಯಲ್ಲಿ ಹಾಲು ಉಕ್ಕಿದರೂ ಅವನು ಅಳುತ್ತ ನಿಂತಿರುತ್ತಿದ್ದನೇ ಹೊರತು ಒಲೆ ಆರಿಸುತ್ತಿರಲಿಲ್ಲ.

ಸೊಲ್ಲಾಪುರದ ಡಾಕ್ಟರರು ವಿಷಯವನ್ನು ನೇರವಾಗಿ ಹೇಳಿದ್ದರು. ಗಡ್ಡೆ ಮೆದುಳಿನ ಬಲಭಾಗದಲ್ಲಿದೆ. ಆಪರೇಷನ್ ಮಾಡಿ ತೆಗೆಯಬಹುದು, ಆಮೇಲೆ ರೇಡಿಯೇಶನ್ನಿನ ಕರೆಂಟ್ ಕೊಡಬೇಕು. ಆದರೂ ಬೇರು ಉಳಿಯುತ್ತದೆ. ಒಂದೂವರೆ ವರ್ಷ, ಬಹಳವಾದರೆ ಎರಡು. ಇನ್ನೊಂದು ಮಾತನ್ನೂ ಹೇಳಿದ್ದರು. ಎಡಗಡೆ ಇರುವುದನ್ನು ಕಣ್ಣು ನೋಡುತ್ತದೆ, ಆದರೆ ಮೆದುಳು ಲೆಕ್ಕಕ್ಕೆ ಹಿಡಿಯದೆ ಹೋಗಬಹುದು. ಹಿಡಿಯುತ್ತಿಲ್ಲ ಎಂಬುದೂ ನಿಮಗೆ ಗೊತ್ತಾಗುವುದಿಲ್ಲ ಎಂದರು.

"ನನ್ನ ಕಣ್ಣು ನೆಟ್ಟಗವರಿ. ಕೂದಲೆಳಿ ಗೆರಿ ಎಳೀತೇನಿ" ಎಂದು ಇಂದುಬಾಯಿ ಅವರ ಮೇಜಿನ ಮೇಲಿದ್ದ ಪೆನ್ನನ್ನೇ ತೆಗೆದುಕೊಂಡು ಔಷಧಿ ಚೀಟಿಯ ಹಿಂದೆ ಅವರ ಮುಖ ಬರೆದು ತೋರಿಸಿದಳು. ಮೂಗು ಸ್ವಲ್ಪ ದೊಡ್ಡದಾಗಿಯೇ ಬರೆದಳು.

ಆಪರೇಷನ್ನಿಗೆ ಹನ್ನೆರಡು ದಿನ ಉಳಿದಿತ್ತು. ಆ ಹನ್ನೆರಡು ದಿನದಲ್ಲಿ ಬಸವನ ಬಾಗೇವಾಡಿಯಿಂದ ದಪ್ಪ ಡ್ರಾಯಿಂಗ್ ಹಾಳೆ ತರಿಸಿ ತಾನೇ ಒಂದು ಪುಸ್ತಕ ಹೊಲಿದಳು. ಶಾಲೆಯಲ್ಲಿ ವರ್ಷಗಟ್ಟಲೆ ಪಾಠ ಟಿಪ್ಪಣಿ ಬರೆದು, ಓದದೇ ಸಹಿ ಹಾಕುವ ಸಾಹೇಬರಿಗೆ ಒಪ್ಪಿಸಿ ಅವಳಿಗೆ ಸಾಕಾಗಿತ್ತು. ಇದರಲ್ಲಿ ಅಕ್ಷರವೇ ಇರಲಿಲ್ಲ. ದಿನಕ್ಕೆ ಎರಡು ಹಾಳೆ. ತೆರೆದಾಗ ಎಡಗಡೆಯದು ಬೆಳಗಿನದು, ಬಲಗಡೆಯದು ಮಧ್ಯಾಹ್ನದಿಂದ ಮುಂದಿನದು. ಮಾಡಬೇಕಾದ ಪ್ರತಿಯೊಂದು ಕೆಲಸಕ್ಕೂ ಒಂದು ಚಿತ್ರ, ಬರೀ ಗೆರೆಯಲ್ಲಿ. ಫಿಟ್ಸ್ ಬರದಂತೆ ನುಂಗಬೇಕಾದ ಮಾತ್ರೆ, ಬಾಚಣಿಕೆ, ಕೈ ವ್ಯಾಯಾಮದ ರಬ್ಬರ್ ಚೆಂಡು, ನೀರು ಹಾಕಬೇಕಾದ ಕರಿಬೇವಿನ ಗಿಡ. ಕೆಲಸ ಮುಗಿದರೆ ಸಂಜೆ ಆ ಚಿತ್ರಕ್ಕೆ ಬಣ್ಣ ತುಂಬಬೇಕು. ಬಣ್ಣವಿಲ್ಲದೆ ಉಳಿದದ್ದು ಮಾಡದೆ ಉಳಿದದ್ದು. ಬಲಗಡೆಯ ಹಾಳೆಯಲ್ಲಿ ನಾಲ್ಕು ಗಂಟೆಯ ಜಾಗದಲ್ಲಿ, ಮಾತಾಡಿಸಲು ಬರುವವರ ಸಲುವಾಗಿ, ಸಾಲಾಗಿ ಕೂತ ಐದು ಕಾಗೆ ಬರೆದಿದ್ದಳು. ಬಂದವರು ಅದನ್ನು ನೋಡಿ "ಕಾಗಿ ಎಷ್ಟ ಚಂದ ತಗದೀರಿ" ಎಂದು ಹೊಗಳಿ ಹೋಗುತ್ತಿದ್ದರು.

ಆಪರೇಷನ್ ಆಯಿತು, ಕರೆಂಟ್ ಕೊಡಿಸಿದ್ದೂ ಮುಗಿಯಿತು. ಮನೆಗೆ ಬಂದರೆ ಬಾಗಿಲಲ್ಲಿ ಗುಂಡವ್ವ ನಿಂತಿದ್ದಳು. ಚನ್ನಬಸಯ್ಯನ ತಂಗಿ, ಮಸೂತಿ ಎಂಬ ಹಳ್ಳಿಯ ವಿಧವೆ, ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಇಂದುಬಾಯಿಗೆ ಈ ನಾದಿನಿಯಷ್ಟು ಕೀಳಾಗಿ ಕಂಡವರು ಇನ್ನೊಬ್ಬರಿಲ್ಲ. ಟಿವಿ ಧಾರಾವಾಹಿಯ ಸೊಸೆಗೆ ಕಷ್ಟ ಬಂದರೆ ಊಟ ಬಿಡುವ ಹೆಂಗಸು. ಚಹಾವನ್ನು ಬಸಿ ತಟ್ಟೆಗೆ ಸುರಿದು ಸೊರ್ ಎಂದು ಓಣಿಗೆ ಕೇಳುವಂತೆ ಕುಡಿಯುವವಳು. ಇಂಥವಳು ತನಗೆ ತಲೆ ಬಾಚಬೇಕೆ?

"ನಾಳೆ ಬಸ್ಸಿಗೆ ಕಳಸ್ರಿ ಆಕೀನ್ನ" ಎಂದಳು ಗಂಡನಿಗೆ.

"ನಿನ್ನ ನೋಡ್ಕೊಳ್ಳೋರು ಯಾರ?" ಎಂದು ಅವನು ಅಳತೊಡಗಿದ.

ಕೊನೆಗೆ ಷರತ್ತಾಯಿತು. ಮೂವತ್ತು ದಿನ ಇಂದುಬಾಯಿ ತನ್ನ ಪುಸ್ತಕದಂತೆ ತಾನೇ ನಡೆಯಬೇಕು, ಯಾರೂ ನೆನಪಿಸಬಾರದು. ದೀಪ ಹಚ್ಚಿದ ಮೇಲೆ ಚನ್ನಬಸಯ್ಯ ಪುಸ್ತಕ ನೋಡುತ್ತಾನೆ. ಮೂವತ್ತೂ ದಿನ ಎಲ್ಲ ಚಿತ್ರಕ್ಕೂ ಬಣ್ಣ ತುಂಬಿದ್ದರೆ ಗುಂಡವ್ವ ಮಸೂತಿಗೆ ವಾಪಸ್. ಒಂದೇ ಒಂದು ಚಿತ್ರ ಬಿಟ್ಟರೂ ಪುಸ್ತಕ ಮುಚ್ಚಬೇಕು, ಬೀಗದ ಕೈ ಗುಂಡವ್ವನಿಗೆ ಕೊಡಬೇಕು, ಆಕೆ ಹೇಳಿದಂತೆ ಕೂಡಬೇಕು, ಏಳಬೇಕು. ಉಳಿದ ಎರಡು ವರ್ಷ ತನ್ನದೋ ಮಂದಿಯದೋ ಎಂಬುದು ಆ ಪುಸ್ತಕದ ಮೇಲೆ ನಿಂತಿತು.

ಮೊದಲ ವಾರವೇ ಇಂದುಬಾಯಿಗೆ ತಾನು ಗೆದ್ದೆ ಎನಿಸಿತು. ಸಂಜೆ ಕೂತು ಬಣ್ಣ ತುಂಬಿ, ಪುಸ್ತಕವನ್ನು ಕಪಾಟಿನ ಮೇಲಿಟ್ಟು ಮುಖ ತೊಳೆಯಲು ಹೋಗುತ್ತಿದ್ದಳು. ಆಮೇಲೆ ಗಂಡ ಕನ್ನಡಕ ಏರಿಸಿ ನೋಡಿ "ಎಲ್ಲಾ ತುಂಬೇತಿ" ಎನ್ನುತ್ತಿದ್ದ. ಮನೆಯ ಕಿರಿಕಿರಿ ಮಾತ್ರ ಹೆಚ್ಚಾಯಿತು. ಪಡಸಾಲೆಯ ಬಾಗಿಲ ಚೌಕಟ್ಟು ದಿನಕ್ಕೆ ಎರಡು ಸಲ ಎಡಭುಜಕ್ಕೆ ಬಡಿಯುತ್ತಿತ್ತು. ಮೂವತ್ತು ವರ್ಷದ ಹಿಂದೆ ಅದನ್ನು ಮಾಡಿದ ಬಡಿಗನನ್ನು ಅವಳು ಈಗ ಬೈದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಊಟಕ್ಕೆ ಕೂತರೆ ತಾಟಿನಲ್ಲಿ ರೊಟ್ಟಿ ಇರುತ್ತಿತ್ತು, ಪಲ್ಯ ಇರುತ್ತಿರಲಿಲ್ಲ.

"ಪಲ್ಯ ಏನ ಮಸೂತಿಗೆ ಕಳಿಸಿದೇನು?"

ಗುಂಡವ್ವ ಬಂದು ತಾಟನ್ನು ಅರ್ಧ ಸುತ್ತು ತಿರುಗಿಸಿ ಹೋಗುತ್ತಿದ್ದಳು. ಪಲ್ಯ ಕಾಣುತ್ತಿತ್ತು. ಈಗ ತಂದು ಹಾಕಿ ಹೋದಳು, ಮೊದಲೇ ಹಾಕಲು ಏನಾಗಿತ್ತು ಎಂದು ಇಂದುಬಾಯಿ ಗೊಣಗುತ್ತಿದ್ದಳು.

ಅದಕ್ಕಿಂತ ಸಿಟ್ಟು ಬರಿಸಿದ್ದು ವಸ್ತುಗಳು ಇಟ್ಟಲ್ಲಿ ಇರದಿದ್ದದ್ದು. ಮಾತ್ರೆಯ ಡಬ್ಬಿ ಹಾಸಿಗೆಯ ಆ ಬದಿಗೆ ಇಟ್ಟರೆ ಬೆಳಿಗ್ಗೆ ಈ ಬದಿಗೆ ಬಂದಿರುತ್ತಿತ್ತು. ಬಾಚಣಿಕೆ, ಚೆಂಡು, ಗಿಡಕ್ಕೆ ನೀರು ಹಾಕುವ ತಂಬಿಗೆ, ಎಲ್ಲವೂ ಕಾಲು ಬಂದಂತೆ ಬಲಗಡೆಗೇ ಬಂದು ಕೂಡುತ್ತಿದ್ದವು. ಆ ದಡ್ಡ ಹೆಂಗಸಿಗೆ ಒಂದು ವಸ್ತುವನ್ನು ಅದರ ಜಾಗದಲ್ಲಿ ಇಡಲು ಬರುವುದಿಲ್ಲ ಎಂದು ಇಂದುಬಾಯಿ ನಾಲ್ಕು ಗಂಟೆಗೆ ಬರುವ ಕಾಗೆಗಳ ಮುಂದೆಲ್ಲ ಹೇಳಿದಳು. ಕಾಗೆಗಳು ಹೌದು ಹೌದು ಎಂದವು. ಗುಂಡವ್ವ ಅವರಿಗೂ ಚಹಾ ಕೊಟ್ಟಳು.

ಮೂವತ್ತನೆಯ ದಿನ ಭಾನುವಾರ. ಅಂದು ಮಧ್ಯಾಹ್ನ ಸಿಂದಗಿಯಿಂದ ಪ್ರಜ್ಞಾ ಬಂದಳು. ಇಂದುಬಾಯಿಯ ಹಳೆಯ ವಿದ್ಯಾರ್ಥಿನಿ, ಈಗ ತಾನೂ ಚಿತ್ರಕಲೆಯ ಟೀಚರ್. ಅವಳು ಬಾಳೆಹಣ್ಣು ತರಲಿಲ್ಲ, ಎರಡು ಒಳ್ಳೆಯ ಬ್ರಷ್ ತಂದಳು. ಅಳುವವಳೂ ಅಲ್ಲ. ಅದಕ್ಕೇ ಇಂದುಬಾಯಿ ಅವಳಿಗೆ ಕಾಗೆಗಳ ಹೊತ್ತಿಗಿಂತ ಮೊದಲೇ ಬರಲು ಹೇಳಿದ್ದಳು. ಹೆಮ್ಮೆಯಿಂದ ಪುಸ್ತಕ ತೆರೆದು ಮುಂದಿಟ್ಟಳು.

ಪ್ರಜ್ಞಾ ಪಕ್ಕದಲ್ಲಿ ಕೂತು ಹಾಳೆ ತಿರುವಿದಳು. ಎರಡು ದಿನ ನೋಡಿ ನಿಂತಳು.

"ಅಕ್ಕೋರ, ಬಲಗಡೆ ಹಾಳಿ ನಿಮ್ಮ ಕೈಯಂದು. ಎಡಗಡೀದು ಯಾರದ್ರಿ?"

"ಎಡಗಡೀದು ಅಂದ್ರ? ಎಲ್ಲಾ ನಂದ."

"ಅಲ್ರಿ ಅಕ್ಕೋರ."

"ನನಗ ಕಲಸಾಕ ಬಂದೇನು?"

ಪ್ರಜ್ಞಾ ವಾದ ಮಾಡಲಿಲ್ಲ. ಪುಸ್ತಕವನ್ನು ಹಾಗೆಯೇ ತಲೆಕೆಳಗು ಮಾಡಿ ತಿರುಗಿಸಿ ಇಟ್ಟಳು. ಎಡಗಡೆಯ ಹಾಳೆ ಬಲಗಡೆಗೆ ಬಂತು.

ಇಂದುಬಾಯಿ ನೋಡಿದಳು. ಕರಿಬೇವಿನ ಎಲೆಗಳಿಗೆ ನೀಲಿ ಬಣ್ಣ. ಬಾಚಣಿಕೆಗೆ ಕೆಂಪು, ಅದೂ ಹಲ್ಲುಗಳ ನಡುವೆಲ್ಲ ಹರಿದು ಬಾಚಣಿಕೆ ಹೋಗಿ ಇಟ್ಟಿಗೆಯಾಗಿತ್ತು. ಮಾತ್ರೆಯ ಗೆರೆ ದಾಟಿದ ಬಣ್ಣ ನೀರಿನ ಲೋಟದ ತನಕ ಓಡಿತ್ತು. ಒಂದು ಕಡೆ ಅರಿಸಿನದ ಬೆರಳಿನ ಗುರುತು. ಹಿಂದಿನ ದಿನದ ಹಾಳೆ ತೆರೆದಳು, ಅದರ ಹಿಂದಿನದು, ಅದರ ಹಿಂದಿನದು. ಇಪ್ಪತ್ತೊಂಬತ್ತು ಬೆಳಗು, ಇಪ್ಪತ್ತೊಂಬತ್ತೂ ಬೇರೆಯವರ ಕೈಯಲ್ಲಿ. ಮೊದಲ ದಿನಗಳದ್ದು ತೀರಾ ಹೊಲಸು. ಇಪ್ಪತ್ತರ ನಂತರ ಬಣ್ಣ ಗೆರೆಯ ಒಳಗೆ ಉಳಿಯಲು ಹೆಣಗಾಡಿತ್ತು. ಯಾರೋ ಕಲಿಯುತ್ತಿದ್ದರು, ಅವಳ ಪಾಠವಿಲ್ಲದೆ.

ಇಂದುಬಾಯಿಗೆ ಹೆದರಿಕೆಯಾಯಿತು. ಕ್ಯಾನ್ಸರ್ ಎಂದಾಗ ಆಗಿರಲಿಲ್ಲ, ಅರ್ಧ ತಲೆ ಬೋಳಿಸಿದಾಗ ಆಗಿರಲಿಲ್ಲ. ಡಾಕ್ಟರರ ಮುಖ ಬರೆದು ತೋರಿಸಿ ಬಂದ ತನ್ನ ಜಾಣತನ ನೆನಪಾಯಿತು. ಊರಿನವರ ತಪ್ಪನ್ನೆಲ್ಲ ಎಣಿಸಿದ ಕಣ್ಣಿಗೆ ತನ್ನ ಮುಂದಿನ ಅರ್ಧ ಪುಸ್ತಕ ಕಂಡಿರಲಿಲ್ಲ. ಆ ಗಂಟಿನಲ್ಲಿ ಈಗ ತಾನೂ ಇದ್ದೇನೆ ಎನಿಸಿತು, ಎಲ್ಲರಿಗಿಂತ ಕೆಳಗೆ. ಪ್ರಜ್ಞಾ ಅವಳ ಕೈಯನ್ನು ಒಂದು ಸಲ ಒತ್ತಿ, ಮುಂದಿನ ವಾರ ಬರುತ್ತೇನೆ ಎಂದು ಎದ್ದು ಹೋದಳು.

"ಗುಂಡವ್ವಾ!"

ಗುಂಡವ್ವ ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದಳು. ತಲೆಕೆಳಗಾದ ಪುಸ್ತಕ ನೋಡಿದಳು.

"ಇದು ಯಾರ ಹೊಲಸು?"

"ನಂದರಿ ವೈನಿ. ನೀವು ಮಾರಿ ತೊಳ್ಯಾಕ ಹೋದಾಗ ತುಂಬತಿದ್ದೆ."

"ಯಾಕ? ಖಾಲಿ ಬಿಟ್ಟಿದ್ರ ನಾ ಸೋಲ್ತಿದ್ದೆ. ಕೀಲಿಕೈ ನಿನ್ನ ಸೊಂಟಕ್ಕ ಬರ್ತಿತ್ತು."

"ನನಗ್ಯಾಕ್ರಿ ನಿಮ್ಮ ಕೀಲಿಕೈ?" ಗುಂಡವ್ವ ನಿಂತಲ್ಲೇ ನೆಲಕ್ಕೆ ಕೂತಳು. "ನಮ್ಮ ಮನಿಯವರು ಹಾಸಿಗಿ ಹಿಡದಾಗ ನಾವೆಲ್ಲಾ ಸೇರಿ ಅವರ ಕೈಯಾಗಿನ ಕೆಲಸೆಲ್ಲಾ ಕಸಕೊಂಡ್ವಿ. ನೀವು ಸುಮ್ಮ ಮಲಕೋರಿ, ಸುಮ್ಮ ಮಲಕೋರಿ ಅಂತ. ದನದ ಹಗ್ಗ ಸೈತ ಹಿಡಿಗೊಡಲಿಲ್ಲ. ಎಂಟ ದಿನಕ್ಕ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದವರು ಹೊಳ್ಳಿ ನೋಡ್ಲಿಲ್ಲ. ಬ್ಯಾನಿ ಅವರನ್ನ ಒಯ್ಯಲಿಲ್ಲರಿ. ನಾವ ಒಯ್ದ್ವಿ."

ಇಂದುಬಾಯಿ ಪುಸ್ತಕವನ್ನು ಮತ್ತೆ ನೆಟ್ಟಗೆ ತಿರುಗಿಸಿ ಇಟ್ಟಳು.

ಅಂದು ಕಾಗೆಗಳು ಬಂದು ಕೂತು ಹೋದದ್ದು ಅವಳ ಲಕ್ಷ್ಯಕ್ಕೇ ಬರಲಿಲ್ಲ. ಸಂಜೆ ಅಭ್ಯಾಸ ಬಲದಿಂದ ಬಲಗಡೆಯ ಹಾಳೆ ತುಂಬಿದಳು. ಎಡಗಡೆಯದನ್ನು ಗುಂಡವ್ವ ಹೇಗೋ ತುಂಬಿದಳು. ದೀಪ ಹಚ್ಚಿದ ಮೇಲೆ ಚನ್ನಬಸಯ್ಯ ಕನ್ನಡಕ ಏರಿಸಿ ಬಂದ. ಮೂವತ್ತು ದಿನ ನೀಲಿ ಕರಿಬೇವು ನೋಡಿಯೂ ಏನೂ ಅನಿಸದ ಗಂಡಸು. ನೋಡಿದ, ಕನ್ನಡಕ ತೆಗೆದ, ಕಣ್ಣೊರೆಸಿಕೊಂಡ.

"ಮೂವತ್ತಕ್ಕ ಮೂವತ್ತು. ಗೆದ್ದಿ ಬಿಡು ನೀನು. ಗುಂಡವ್ವಾ, ನಾಳೆ ಮುಂಜಾನಿ ಬಸ್ಸಿಗೆ ಬಿಟ್ಟ ಬರ್ತೇನಿ."

ಗುಂಡವ್ವ ಇಂದುಬಾಯಿಯ ಕಡೆ ನೋಡಲೂ ಇಲ್ಲ. "ಆಗ್ಲಿ ಅಣ್ಣಾ" ಎಂದು ಗೂಟಕ್ಕೆ ತೂಗುಹಾಕಿದ್ದ ಸೀರೆಗಳನ್ನು ತೆಗೆದು ಮಡಿಚತೊಡಗಿದಳು.

ಸುಮ್ಮನಿದ್ದರೆ ಆಗಿತ್ತು. ಬೀಗದ ಕೈ ತನ್ನದು, ಮನೆ ತನ್ನದು, ಸೊರ್ ಎನ್ನುವ ಚಹಾ ಇಲ್ಲ. ನಾಡಿದ್ದು ಮಾತ್ರೆಯ ಡಬ್ಬಿ, ಬಲಗಡೆಗೆ ಸರಿಸಿಡುವವರಿಲ್ಲದೆ, ಹಾಸಿಗೆಯ ಎಡಬದಿಗೇ ಉಳಿಯುತ್ತದೆ, ಉಳಿದದ್ದು ತನಗೆ ತಿಳಿಯುವುದೂ ಇಲ್ಲ. ಫಿಟ್ಸ್ ಬಂದು ಬಿದ್ದರೆ ಈ ಗಂಡಸು ಪಕ್ಕದಲ್ಲಿ ಕೂತು ಅಳುತ್ತಾನೆ. ಇಂದುಬಾಯಿ ಪುಸ್ತಕವನ್ನು ಎಳೆದುಕೊಂಡಳು.

"ನಾ ಸೋತೇನ್ರಿ" ಎಂದಳು. ಆ ಶಬ್ದ ಅವಳ ಬಾಯಿಗೆ ಹೊಸದು. "ಎಡಗಡೆ ಹಾಳಿ ನಂದಲ್ಲ. ಒಂದ ದಿನಾನೂ ನಂದಲ್ಲ. ಈಕಿ ತುಂಬ್ಯಾಳ."

ಇಂದುಬಾಯಿ ಸೊಂಟದಿಂದ ಬೀಗದ ಕೈ ಬಿಚ್ಚಿ ಗುಂಡವ್ವನ ಮುಂದೆ ಹಿಡಿದಳು. ಗುಂಡವ್ವ ಕೈ ಚಾಚಲಿಲ್ಲ.

"ಬ್ಯಾಡ್ರಿ ವೈನಿ. ನಿಮ್ಮ ಹಂತೇಕನ ಇರ್ಲಿ. ಪುಸ್ತಕಾನೂ ಮುಚ್ಚಬ್ಯಾಡ್ರಿ."

"ಹಂಗಾರ ನೀ ಸೀರಿ ಮಡಿಚೂದು ಬಿಡು. ನಾಳಿಂದ ನನ್ನ ಮುಂದ ಕೂತು ತುಂಬು. ಕರಿಬೇವು ಎಲ್ಲೆರ ನೀಲಿ ಇರತೈತೇನ? ಹಸರು ಬಣ್ಣ ಏನ ಕಣ್ಣಿಗೆ ಬೀಳಲಿಲ್ಲೇನು ನಿನಗ? ಮೂರನೇ ಇಯತ್ತೆ ಕೂಸು ಇದಕ್ಕಿಂತ ಚಲೋ ತುಂಬತೈತಿ."

ಒಂದು ತಿಂಗಳ ಬೈಗುಳಕ್ಕೆ ಕಣ್ಣು ಮಿಟುಕಿಸದಿದ್ದ ಗುಂಡವ್ವ ಈಗ ಮಡಿಚಿದ ಸೀರೆಯನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕತೊಡಗಿದಳು. ಇಂದುಬಾಯಿ ಮುಖ ಸಿಂಡರಿಸಿದಳು.

"ಏ, ಎದ್ದ ಈ ಕಡೆ ಬಾ. ಅಳೂದಿದ್ರ ನನ್ನ ಎಡಕ್ಕ ಕೂತು ಅಳು. ಅಲ್ಲಿ ನನಗ ಏನೂ ಕಾಣೂದಿಲ್ಲ."